ಹನ್ನೆರಡನೇ ಕಲ್ಲು

ಪೇಟೆಯಿಂದ ಬಿಸ್ಕತ್ತು ತಂದ ಹರಿಪ್ರಿಯಾ ಅಂಗಳದಲ್ಲೇ ನಿಂತುಬಿಟ್ಟಳು. ನಿನ್ನೆ ಹಳ್ಳದಿಂದ ಹೊತ್ತು ತಂದು, ನಂಬರಿನ ಚೀಟಿ ಸಮೇತ ಕಾಗದದಲ್ಲಿ ಸುತ್ತಿ ಜಗಲಿಯ ಮೇಲಿಟ್ಟಿದ್ದ ಅವಳ ಕಲ್ಲುಗಳು ಚಾಪೆಯ ಮೇಲೆ ಬಿಸಿಲು ಕಾಯಿಸುತ್ತಿದ್ದವು. ಕಾಗದವಿಲ್ಲ, ಚೀಟಿಯಿಲ್ಲ. ಎಲ್ಲವೂ ಒಂದೇ ತರ ಕೆಂಪುಗಪ್ಪಾಗಿ ಮಿರಮಿರ ಮಿಂಚುತ್ತಿದ್ದವು.

"ಕೆರಿಯಮ್ಮಾ! ಎಂಥ ಇದು?"

"ಚೊಗರು ಹಾಕ್ದೆ ಮಾರಾಯ್ತಿ!" ಹಂಡೆಯ ಪಕ್ಕದಿಂದ ಕೆರಿಯಮ್ಮ ಹಿಗ್ಗಿನಿಂದ ಎದ್ದು ಬಂದಳು. "ಈಗ ನೋಡು ಹ್ಯಾಂಗೆ ಕಾಣ್ತದೆ. ನಿಮ್ಮ ಸಾರು ಬರ್ತಾರೆ ಅಂದ್ಯಲ್ಲ, ಆ ಬೂದಿಬಣ್ಣದ್ದು ತೋರ್ಸಿದ್ರೆ ಯಾರಾದ್ರೂ ಮೂಸಿ ನೋಡ್ತಾರಾ?"

ಹೊಸನಗರದ ಆ ಮನೆಯಲ್ಲಿ ಹರಿಪ್ರಿಯಾಳಿಗೆ ಕೋಣೆ ಬಾಡಿಗೆಗೆ ಕೊಟ್ಟ ಕೆರಿಯಮ್ಮ ಮೂವತ್ತು ವರ್ಷದಿಂದ ಅಡಿಕೆ ಬೇಯಿಸುವವಳು. ಬೇಯಿಸಿ ಉಳಿದ ಕೆಂಪು ರಸವೇ ಚೊಗರು. ಅದರಲ್ಲಿ ಅದ್ದಿ ಒಣಗಿಸಿದರೆ ಎಂಥ ಮಂಕು ಅಡಿಕೆಗೂ ಕಳೆ ಬರುತ್ತದೆ. ಕಲ್ಲಿಗೂ ಬಂದಿತ್ತು, ಸುಳ್ಳು ಯಾಕೆ ಹೇಳಬೇಕು? ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವವರಿಗೂ ಮನಸ್ಸು ಒಳ್ಳೆಯದೇ ಇರುತ್ತದೆ.

ಆದರೆ ಹುಡುಗಿಯ ಭೂವಿಜ್ಞಾನದ ಪಿಎಚ್.ಡಿ.ಯೇ ಆ ಚಾಪೆಯ ಮೇಲಿತ್ತಲ್ಲ! ಹೋದ ವರ್ಷ ತುಂಬಿದ ಸಭೆಯಲ್ಲಿ "ಮಾಲಿಬ್ಡಿನೈಟ್ ಸಿಕ್ಕಿತು" ಎಂದು ಎದ್ದು ಹೇಳಿದ್ದಳು. ಪರೀಕ್ಷಿಸಿದರೆ ಅದು ಗ್ರಾಫೈಟ್, ಪೆನ್ಸಿಲ್ಲಿನೊಳಗಿನ ಕಪ್ಪು. ಎಲ್ಲರೂ ನಕ್ಕಿದ್ದರು. ಕಣ್ಣಿಗೆ ಎರಡೂ ಒಂದೇ, ಬಿಳಿ ಪಿಂಗಾಣಿಯ ಮೇಲೆ ಉಜ್ಜಿದರೆ ಮಾತ್ರ ಆ ಅಪರೂಪದ ಅದಿರು ಹಸಿರು ಛಾಯೆಯ ಗೆರೆ ಬಿಡುತ್ತದೆ. ನಿನ್ನೆ ತಂದ ಹನ್ನೆರಡರಲ್ಲಿ ಒಂದು, ಒಂದೇ ಒಂದು, ಒಡೆದ ಚಹಾ ಕಪ್ಪಿನ ಚೂರಿನ ಮೇಲೆ ಹಸಿರು ಎಳೆದಿತ್ತು. ಕುಣಿಯುತ್ತ ಗೈಡ್ ಶಿವರಾಮ ಸರ್‌ಗೆ ಫೋನ್ ಮಾಡಿದ್ದಳು. "ನಾಳೆ ಹತ್ತು ಗಂಟೆಗೆ ಬರ್ತೀನಿ. ಕಣ್ಣಾರೆ ನೋಡದೆ ನಂಬಲ್ಲ. ಇದೂ ಪೆನ್ಸಿಲ್ ಆದ್ರೆ ನೀನು ಬೇರೆ ಗೈಡ್ ನೋಡ್ಕೋ" ಎಂದಿದ್ದರು ಅವರು. ಈಗ ಒಂಬತ್ತೂವರೆ.

ಬಣ್ಣ ಮೇಲಷ್ಟೇ ತಾನೆ, ಒಳಗೆ ಇಳಿಯುವುದಿಲ್ಲವಲ್ಲ! ಸುತ್ತಿಗೆ ತಂದು ಒಂದನ್ನು ಒಡೆದು ಬೇರೊಂದು ಪಿಂಗಾಣಿ ಚೂರಿನ ಮೇಲೆ ಉಜ್ಜಿದಳು. ಕೆಂಪು ಗೆರೆ. ಇನ್ನೊಂದು. ಕಪ್ಪು. ಮತ್ತೆ ಕೆಂಪು. ಎಲ್ಲ ಬರೀ ಕಬ್ಬಿಣದ ಕಲ್ಲು! ಚಾಪೆ ಖಾಲಿಯಾದರೂ ಹಸಿರು ಬರಲಿಲ್ಲ. ನಿನ್ನೆ ಕಂಡದ್ದು ಹಸಿರೇ ಹೌದೇ? ಸಂಜೆಬೆಳಕು ಕಣ್ಣಿಗೆ ಮಣ್ಣೆರಚಿತೇ? ನಿನ್ನೆಯ ಗೆರೆಯಿದ್ದ ಚೂರನ್ನಾದರೂ ನೋಡೋಣವೆಂದರೆ ಅದನ್ನೂ ಕೆರಿಯಮ್ಮ ತಿಕ್ಕಿ ತೊಳೆದಿಟ್ಟಿದ್ದಳು. ಸುಮ್ಮನೆ ಒಡೆದ ಕಲ್ಲುಗಳನ್ನು ಜೋಡಿಸಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.

"ಕೆರಿಯಮ್ಮ, ಹನ್ನೆರಡಿತ್ತಲ್ಲ? ಹನ್ನೊಂದೇ ಇದೆ."

"ಒಂದನ್ನ ಆರಿಸಿ ತೆಗ್ದೆ. ಹಾಳು ಕಲ್ಲು ಅದು! ಎಷ್ಟು ಅದ್ದಿದ್ರೂ ಚೊಗರೇ ಹಿಡೀಲಿಲ್ಲ, ಎಣ್ಣೆ ಹಚ್ಚಿದ ಹಾಂಗೆ ಜಾರ್ತಿತ್ತು. ಮುಟ್ಟಿದ್ರೆ ಕೈಯೆಲ್ಲ ಮಸಿ, ಉಗುರು ತಾಗ್ಸಿದ್ರೆ ಪದರ ಏಳ್ತದೆ. ಕೊಳೆತ ಅಡಿಕೆ ಒಂದಿದ್ರೆ ಮೂಟೆಗೇ ಕೆಟ್ಟ ಹೆಸರು."

"ಅಯ್ಯೋ ದೇವರೇ! ಅದೇ ಕಣ್ರೀ ಅದು! ಎಲ್ಲಿ ಹಾಕಿದ್ರಿ?"

ಕೆರಿಯಮ್ಮನ ಹಿಗ್ಗು ಇಳಿದುಹೋಯಿತು. ಏನೋ ತಪ್ಪಾಗಿದೆ, ಏನೆಂದು ಮಾತ್ರ ತಿಳಿಯದು. "ಬೇಲಿಬಾಗ್ಲ ದಣಪೆ ಹತ್ರ ದಾರೀಲಿ ಗುಂಡಿ ಇತ್ತಲ್ಲ ತಂಗಿ... ನಿಮ್ಮ ಸಾರಿನ ಕಾರು ಸಿಕ್ಕಿ ಹಾಕ್ಕೊಳ್ಳೋದು ಬ್ಯಾಡ ಅಂತ ಅದರೊಳಗೆ ಹಾಕಿ, ಮೇಲೆ ಮಣ್ಣೆಳೆದು ತುಳಿದೆ" ಎಂದಳು.

ಹಾರ್ನ್ ಕೇಳಿಸಿತು. ಹರಿಪ್ರಿಯಾ ಸುತ್ತಿಗೆ ಹಿಡಿದೇ ಓಡಿದಳು. ದಣಪೆಯೆದುರು ಕಾರು ನಿಂತಿತ್ತು, ಶಿವರಾಮ ಸರ್ ಇಳಿಯುತ್ತಿದ್ದರು. ಬರಿಗಾಲು, ಕೆಂಪಾದ ಕೈ, ಆ ಸುತ್ತಿಗೆ ಎಲ್ಲವನ್ನೂ ಒಮ್ಮೆ ನೋಡಿ, "ಎಲ್ಲಮ್ಮಾ ನಿನ್ನ ಕಲ್ಲು? ತೋರಿಸು" ಎಂದರು.

ಹೇಳುವುದಾದರೂ ಎಲ್ಲಿಂದ ಶುರುಮಾಡುವುದು? ಚೊಗರಿನಿಂದಲೇ? ಕೊಳೆತ ಅಡಿಕೆಯಿಂದಲೇ? ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಹರಿಪ್ರಿಯಾ ಮುಂದಿನ ಚಕ್ರದ ಬಳಿ ಮಣ್ಣಿನಲ್ಲಿ ಮಂಡಿಯೂರಿದಳು.

"ಸರ್, ಕಾರು ಒಂಚೂರು ಹಿಂದೆ ತಗೊಳ್ತೀರಾ?"