ಗದ್ದೆಗೆ ಬಿದ್ದ ಮಣ್ಣು

ಕಟಪಾಡಿಯಲ್ಲಿ ಬಲಕ್ಕೆ ತಿರುಗಬೇಕಾದ ಲಾರಿಯನ್ನು ಮುತ್ತುರಾಜ ಮತ್ತೆ ಎಡಕ್ಕೆ ತಿರುಗಿಸಿದ. ಬಲಕ್ಕೆ ಹೋದರೆ ಶಿರ್ವ, ಅಲ್ಲಿಂದ ಮುಂದೆ ಕಾರ್ಕಳದ ಆಚೆ ಸರ್ಕಾರ ತೋಡಿಸಿದ ಗುಂಡಿ. ಎಡಕ್ಕೆ ಹೋದರೆ ವಿನೋದಾ ಎಂಬವರ ಗದ್ದೆ. ಟಾರ್ಪಾಲಿನ ಕೆಳಗೆ ಇದ್ದದ್ದು ಗುಂಡಿಗೆ ಹೋಗಬೇಕಾದ ಮಣ್ಣು.

ಅದು ಕಾಪುವಿನಲ್ಲಿ ಮುಚ್ಚಿಹೋಗಿದ್ದ, ಲೋಹಕ್ಕೆ ಕ್ರೋಮ್ ಲೇಪಿಸುವ ಕಾರ್ಖಾನೆಯ ಅಡಿಯಿಂದ ಬಂದದ್ದು. ಅಗೆಯುವವರಿಗೆ ಗಮ್‌ಬೂಟು, ಕೈಗವಸು, ಮೂಗಿಗೆ ಬಟ್ಟೆ. ಮೊದಲ ದಿನವೇ ಇಂಜಿನಿಯರು ಎಲ್ಲರನ್ನೂ ನಿಲ್ಲಿಸಿ, ಇದು ವಿಷ, ಯಾವ ಬಾವಿಗೂ ತೋಡಿಗೂ ಸೇರಬಾರದು ಎಂದು ಹೇಳಿದ್ದರು. ವರ್ಷಗಟ್ಟಲೆ ಯಾರೂ ಮೂಸಿ ನೋಡದ ಆ ನೆಲಕ್ಕೆ ಈಗ ದೆಸೆ ಕುದುರಿತ್ತು. ಕೈಗಾರಿಕೆಯಿಂದ ಕೆಟ್ಟ ಜಾಗವನ್ನು ಶುದ್ಧಮಾಡಿ ಕಟ್ಟಡ ಎಬ್ಬಿಸುವವರಿಗೆ ಸರ್ಕಾರ ಖರ್ಚಿನ ದೊಡ್ಡ ಪಾಲನ್ನೇ ಸಹಾಯಧನವಾಗಿ ಕೊಡುತ್ತಿತ್ತು. ಮೇಲೆ ತೆರಿಗೆ ವಿನಾಯಿತಿ.

ಮಣ್ಣು ಸಾಗಿಸುವ ಗುತ್ತಿಗೆ ಪೀಟರನದು. ಅವನು ಕಾರ್ಕಳದವರೆಗೆ ಡೀಸೆಲ್ ಸುಡುವ ಬದಲು ಕಟಪಾಡಿಯಲ್ಲೇ ಇಳಿಸುತ್ತಿದ್ದ. ಮನೆ ಕಟ್ಟುವ ಮೊದಲು ಗದ್ದೆಗೆ ಮಣ್ಣು ತುಂಬಿಸುವುದು ಈ ಕಡೆ ಎಲ್ಲರೂ ಮಾಡುವ ಕೆಲಸ. ಯಾವ ಮಣ್ಣು ಎಂದು ಯಾರು ಕೇಳುತ್ತಾರೆ?

ಕೇಳಿದ್ದು ಮುತ್ತುರಾಜನ ಹೆಂಡತಿ ಹನುಮವ್ವ. ಬಾಗಲಕೋಟೆಯ ಕಡೆಯಿಂದ ಬಂದ ಅವರ ಸಂಸಾರ ಆ ಗದ್ದೆಯ ಅಂಚಿನಲ್ಲೇ, ಪೀಟರ್ ಹಾಕಿಸಿಕೊಟ್ಟ ತಗಡಿನ ಶೆಡ್ಡಿನಲ್ಲಿ. ಗದ್ದೆಯ ಬಾವಿಯೇ ಅವರಿಗೆ ಕುಡಿಯುವ ನೀರು. ಮಗಳು ಸವಿತಾ ಮಣ್ಣಿನ ರಾಶಿಯ ಮೇಲೆ ಆಡಿದ ಮೇಲೆ ಅವಳ ಬೆರಳ ಸಂದಿಯಲ್ಲಿ ಹುಣ್ಣೆದ್ದಿತು. ಅರಿಸಿನಕ್ಕೆ ಮಾಯಲಿಲ್ಲ, ಡಾಕ್ಟರರ ಮುಲಾಮಿಗೂ ಮಾಯಲಿಲ್ಲ. ಈಗ ಕೊಡದ ನೀರಿಗೂ ತೆಳುವಾಗಿ ಹಳದಿ ಛಾಯೆ.

“ನೀನ ತಂದು ಸುರಿಯಾಕತ್ತಿ,” ಎಂದಳು ಹನುಮವ್ವ. “ಊರಾಗ ನೀರು ಉಪ್ಪಂತ ಇಲ್ಲಿಗೆ ಬಂದ್ವಿ. ಇದನ್ನ ಕೂಸಿಗೆ ಹ್ಯಾಂಗ ಕುಡಸ್ಲಿ?”

ಮುತ್ತುರಾಜ ಪೀಟರನ ಹತ್ತಿರ ಹೋದ. ಪೀಟರ್ ಬೈಯಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಬೀಡಿ ಕೊಟ್ಟ, ಮಗಳ ಹುಣ್ಣಿನ ಬಗ್ಗೆ ವಿಚಾರಿಸಿದ.

“ನಿನಗೆ ಎಂತಕ್ಕೆ ಮಾರಾಯ ಇದೆಲ್ಲ? ಆ ಅಕ್ಕ ಕೇಳಿದ್ದನ್ನೇ ನಾನು ಕೊಡುವುದು.”

ಬಾಯಿಬಿಟ್ಟರೆ ಲಾರಿಯೂ ಇಲ್ಲ, ಶೆಡ್ಡೂ ಇಲ್ಲ ಎಂಬುದನ್ನು ನಗುತ್ತಲೇ ತಿಳಿಸಿದ.

ಆ ಅಕ್ಕ, ವಿನೋದಾ, ಮಗಳು ಆಶ್ರಿತಾಳೊಂದಿಗೆ ಅಂಬಲಪಾಡಿಯ ತಾಯಿಯ ಮನೆಯಲ್ಲಿದ್ದಳು. ಗಂಡ ಗಲ್ಫಿನ ಕೆಲಸ ಕಳೆದುಕೊಂಡು ಬಂದು ಕೂತಿದ್ದ. ಗದ್ದೆಯ ಮೂಲೆಯಲ್ಲಿ, ಮಾವ ಹಿಂದೆ ಸೈಕಲ್ ಹ್ಯಾಂಡಲುಗಳಿಗೆ ಕ್ರೋಮ್ ಪಾಲಿಶ್ ಹಾಕಿಸುತ್ತಿದ್ದ ಶೆಡ್ಡಿನ ಮುರುಕು ಗೋಡೆ ಇನ್ನೂ ಉಳಿದಿತ್ತು. ಅಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಬೇಕೆಂಬುದು ಅವಳ ಆಸೆ. ಬ್ಯಾಂಕು ಸಾಲ ಕೊಟ್ಟಿರಲಿಲ್ಲ. ಬೇಸಗೆಯಲ್ಲಿ ಸರ್ಕಾರದ ಜೀಪೊಂದು ಬಂದು ಮಣ್ಣು, ನೀರು ಎರಡನ್ನೂ ಪರೀಕ್ಷೆಗೆ ಒಯ್ದಿತ್ತು. ಯಾವ ದೋಷವೂ ಇಲ್ಲ ಎಂದು ಉತ್ತರ ಬಂದದ್ದು ಕೇರಿಗೆಲ್ಲ ಗೊತ್ತಿತ್ತು. ಅಂಥ ನೆಲವನ್ನು ತಾನು ಕೈಯಾರೆ ಕೆಡಿಸುತ್ತಿದ್ದೇನೆ ಎಂದು ನೆನೆದಾಗಲೆಲ್ಲ ಮುತ್ತುರಾಜನಿಗೆ ಅನ್ನ ಸೇರುತ್ತಿರಲಿಲ್ಲ.

ವಿನೋದಾ ಆಗಾಗ ಆಟೋದಲ್ಲಿ ಬಂದು ರಸ್ತೆಯಿಂದಲೇ ನೋಡಿ ಹೋಗುವಳು. ಗದ್ದೆಗೆ ಇಳಿದವಳಲ್ಲ. ಕಾಲುಂಗುರ ಕೆಸರಾದೀತು ಎಂದು ಹನುಮವ್ವ ಅಣಕಿಸುತ್ತಿದ್ದಳು. ಆದರೆ ನಿನ್ನೆ ವಿನೋದಾಳಿಗೂ ಸಂಶಯ ಬಂದಂತಿತ್ತು. ರಾಶಿಯ ಬಣ್ಣ ನೋಡಿ, ಇದು ಹೇಳಿದ ಮಣ್ಣಲ್ಲ ಎಂದು ಮೊಬೈಲಿನಲ್ಲಿ ಪೀಟರನ ಮೇಲೆ ಹರಿಹಾಯ್ದಿದ್ದಳು. ಮೊಬೈಲು ಹೊಸದಾಗಿ ಬಂದ ಕಾಲ. ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ತನ್ನ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಮುತ್ತುರಾಜನಿಗೆ ಅಷ್ಟೂ ಕೇಳಿಸಿತ್ತು.

ಇವತ್ತೂ ಆಟೋ ಅಲ್ಲೇ ನಿಂತಿತ್ತು. ಮುತ್ತುರಾಜ ಲಾರಿಯನ್ನು ರಸ್ತೆ ಬದಿಗೆ ಹಾಕಿದ. ಮಣ್ಣು ಇಳಿಸಲಿಲ್ಲ. ಆಟೋದಿಂದ ಇಳಿದು ನಿಂತಿದ್ದ ವಿನೋದಾಳ ಎದುರು ಹೋಗಿ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡ.

“ಅಕ್ಕಾರ, ಒಂದು ಮಾತು ಹೇಳೂದೈತ್ರಿ.”

ಎಲ್ಲವನ್ನೂ ಹೇಳಿದ. ಕಾಪುವಿನ ಕಾರ್ಖಾನೆ, ಗಮ್‌ಬೂಟು, ಇಂಜಿನಿಯರ ಮಾತು, ಎಡಕ್ಕೆ ತಿರುಗುವ ಲಾರಿ. ಪೀಟರನ ಹೆಸರನ್ನೂ ಬಿಡಲಿಲ್ಲ. ಸಂಜೆಯೊಳಗೆ ಕೆಲಸ ಹೋಗುತ್ತದೆ ಎಂದು ಗೊತ್ತಿದ್ದೇ ಹೇಳಿದ. ಮಗಳ ಬೆರಳುಗಳ ವಿಷಯಕ್ಕೆ ಬಂದಾಗ ಮಾತ್ರ ಮಾತು ತಡವರಿಸಿತು. ಈ ಮಣ್ಣನ್ನು ಎತ್ತಿಸಿ, ಬಾವಿಯೊಂದನ್ನು ಉಳಿಸಿಕೊಡಿ ಎಂದು ಬೇಡಿದ.

ವಿನೋದಾ ಒಂದು ಹೆಜ್ಜೆ ಮುಂದೆ ಬಂದಳು. ಅವಳು ಆಟೋದ ಕಂಬಿಯನ್ನು ಹಿಡಿದುಕೊಂಡಳು.

“ಆ ಕಾರ್ಖಾನೆಯ ಮಣ್ಣೇ? ಖಂಡಿತವಾ?”

“ನಾನ ತುಂಬಿಸ್ಕೊಂಡು ಬರಾವ್ರಿ.”

“ಎಲ್ಲ ಲೋಡೂ ಅದೇ? ಬೇರೆ ಮಣ್ಣು ಎಂತದ್ದೂ ಬೆರೆಸಿಲ್ಲ ಅಲ್ವಾ?”

“ಇಲ್ರಿ. ಸುಳ್ಳು ಹೇಳಿದ್ರ ನನ್ನ ಕೂಸಿನ ಆಣಿ.”

ಅವಳ ಕಣ್ಣು ತುಂಬಿ ಬಂತು. ಅದನ್ನು ನೋಡಿದ ಮುತ್ತುರಾಜ, ಕೊನೆಗೂ ಒಬ್ಬರಿಗೆ ಅರ್ಥವಾಯಿತಲ್ಲ ಎಂದುಕೊಂಡ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಾವಿಯ ಕಡೆ ನೋಡಿದಳು.

“ಪೀಟರ್ ಒಳ್ಳೆ ಮಣ್ಣು ಹಾಕಿ ಮೋಸ ಮಾಡಿದ ಅಂತ ನಿನ್ನೆಯಿಂದ ನಿದ್ದೆ ಇಲ್ಲ ಮಾರಾಯ,” ಎಂದಳು. “ನಾಳೆ ಪರೀಕ್ಷೆಯವರು ಪುನಃ ಬರ್ತಾರೆ. ಈ ಸಲವೂ ದೋಷ ಇಲ್ಲ ಅಂತಾದರೆ ನಮಗೆ ಸಹಾಯಧನ ಇಲ್ಲ. ಈ ಲೋಡನ್ನು ಬಾವಿಯ ಬದಿಗೇ ಸುರಿ.”