ಪಕ್ಕದ ಮನೆಯ ರಕ್ತಪಿಶಾಚಿ

ಝಂಫಿರಾ ಬೆಳ್ಳುಳ್ಳಿ ಎಸಳನ್ನು ಪಕ್ಕದ ಮನೆಯ ಬಾಗಿಲಿಗೆ ತಿಕ್ಕುತ್ತಿದ್ದಾಗಲೇ ಆ ಬಾಗಿಲು ಒಳಗಿನಿಂದ ತೆರೆದುಕೊಂಡಿತು.

“ಏನಮ್ಮಾ ಮಾಡ್ತಿದ್ದೀಯಾ?” ಎಂದಳು ವೆತೂರಿಯಾ. ಸಂಜೆಯಾಗುತ್ತಾ ಬಂದಿತ್ತು. ಆಗತಾನೇ ಹಾಸಿಗೆಯಿಂದ ಎದ್ದವಳ ಹಾಗೆ ಅವಳ ಕೂದಲು ಕೆದರಿತ್ತು, ಮುಖ ಸುಣ್ಣದಂತೆ ಬಿಳಿಚಿತ್ತು.

ಮಾರನೆಯ ದಿನ ಸಂತ ಅಂದ್ರೇಯನ ಹಬ್ಬ. ಹಬ್ಬದ ಹಿಂದಿನ ರಾತ್ರಿ ಸತ್ತವರು ರಕ್ತಪಿಶಾಚಿಗಳಾಗಿ ಎದ್ದು ತಿರುಗುತ್ತಾರೆ, ಬೆಳ್ಳುಳ್ಳಿ ತಿಕ್ಕಿದ ಬಾಗಿಲನ್ನು ದಾಟಲಾರರು ಎಂದು ಮುರೆಶ್ ಹೊಳೆಯ ದಂಡೆಯ ಆ ಹಳ್ಳಿಯಲ್ಲಿ ಎಲ್ಲರೂ ತಂತಮ್ಮ ಬಾಗಿಲು, ಕಿಟಕಿಗಳಿಗೆ ಬೆಳ್ಳುಳ್ಳಿ ತಿಕ್ಕಿಕೊಳ್ಳುತ್ತಾರೆ. ಇನ್ನೊಬ್ಬರ ಬಾಗಿಲಿಗೆ ಯಾರೂ ತಿಕ್ಕುವುದಿಲ್ಲ. ಹದಿನೈದರ ಝಂಫಿರಾಳಿಗೆ ಓಡಲು ಕಾಲು ಬರಲಿಲ್ಲ, ಸುಳ್ಳೂ ಹೊಳೆಯಲಿಲ್ಲ.

“ನೀವು ಹೊರಗೆ ಬರಬಾರದು ಅಂತ,” ಎಂದಳು.

“ಅಂದ್ರೆ, ನಾನು ರಕ್ತಪಿಶಾಚಿ ಅಂತಾನಾ?”

“ಮತ್ತಿನ್ನೇನು? ಹಗಲೆಲ್ಲ ಕಿಟಕಿ ಮುಚ್ಕೊಂಡು ಮಲಗ್ತೀರಿ. ರಾತ್ರಿಯೆಲ್ಲ ದೀಪ ಹಚ್ಕೊಂಡು ಆ ಕಡೆಯಿಂದ ಈ ಕಡೆ ಓಡಾಡ್ತೀರಿ. ಚರ್ಚಿನ ಕಡೆ ತಲೆ ಹಾಕಿಲ್ಲ. ಬೇಸಿಗೆ ಮುಗಿಯೋ ಹೊತ್ತಿಗೆ ಇಟಲಿಯಿಂದ ಬಂದು ಈ ಹಾಳು ಬಿದ್ದ ಮನೆ ಕೊಂಡ್ರಿ, ಅವತ್ತಿಂದ ನಮ್ಮಜ್ಜಿ ಇಳಿದೇ ಹೋಗ್ತಿದ್ದಾಳೆ. ನಿನ್ನೆ ಸ್ನಾನಕ್ಕೆ ನೀರು ಹಾಕ್ತಾ ನೋಡ್ದೆ. ಮೊಣಕೈ ಸಂದೀಲಿ ಚುಚ್ಚಿದ ಗುರುತು, ಸುತ್ತ ನೀಲಿಗಟ್ಟಿದೆ. ಕೇಳಿದ್ರೆ ಸೊಳ್ಳೆ ಅಂತಾಳೆ. ಈ ಚಳೀಲಿ ಸೊಳ್ಳೆ!” ಝಂಫಿರಾ ಬೆಳ್ಳುಳ್ಳಿ ಎಸಳನ್ನು ಮುಂದೆ ಚಾಚಿ ಹಿಡಿದಳು. “ನೀವು ನಮ್ಮಜ್ಜಿ ರಕ್ತ ಕುಡೀತಿದ್ದೀರಿ.”

ವೆತೂರಿಯಾ ನಗಲಿಲ್ಲ. ಅವಳು ನಗದೇ ಇದ್ದದ್ದನ್ನು ಕಂಡೇ ಹುಡುಗಿಗೆ ಹೆದರಿಕೆ ಹೆಚ್ಚಿತು.

“ಕುಡಿಯಲ್ಲ, ತೆಗೀತೀನಿ,” ಎಂದಳು ವೆತೂರಿಯಾ. “ಒಳಗೆ ಬಾ, ಚಳಿ.”

ಅಡುಗೆಮನೆಯ ಮೇಜಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಹತ್ತಿ, ಸಿರಿಂಜು, ತೋಳಿಗೆ ಬಿಗಿಯುವ ರಬ್ಬರು ಪಟ್ಟಿ, ಮುಚ್ಚಳವಿರುವ ಪುಟ್ಟ ಗಾಜಿನ ಕೊಳವೆಗಳು. ವೆತೂರಿಯಾ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು.

“ಇಟಲಿಗೆ ಹೋಗೋ ಮುಂಚೆ ನಾನು ಆಸ್ಪತ್ರೇಲಿ ನರ್ಸಾಗಿದ್ದೆ. ನಿಮ್ಮಜ್ಜಿಗೆ ರಕ್ತದ ಕಾಯಿಲೆ ಕಣಮ್ಮ. ಪಟ್ಟಣದ ಡಾಕ್ಟರು ವಾರಕ್ಕೊಂದ್ಸಲ ರಕ್ತ ಪರೀಕ್ಷೆ ಆಗ್ಬೇಕು ಅಂದಿದ್ದಾರೆ. ನಾನು ಇಲ್ಲಿ ತೆಗೆದು ಪಟ್ಟಣಕ್ಕೆ ಹೋಗೋ ಬೆಳಗಿನ ವ್ಯಾನಿನಲ್ಲಿ ಕಳಿಸಿಕೊಡ್ತೀನಿ.”

ಝಂಫಿರಾ ಕುರ್ಚಿ ಎಳೆದುಕೊಂಡು ಕೂತಳು. ಇವಳು ರಕ್ತಪಿಶಾಚಿಯೇ ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅದಕ್ಕಾದರೆ ಬೆಳ್ಳುಳ್ಳಿಯಿತ್ತು.

“ವಾಸಿಯಾಗುತ್ತಾ?”

“ಈ ಚಳಿಗಾಲ ಕಳೀಬಹುದು. ಆಮೇಲಿನದು ಹೇಳೋಕಾಗಲ್ಲ.”

“ಅಮ್ಮನಿಗೆ ಗೊತ್ತಾ?”

“ಇಲ್ಲ. ಗೊತ್ತಾದ್ರೆ ಇಟಲಿ ಕೆಲಸ ಬಿಟ್ಟು ಬಂದ್ಬಿಡ್ತಾಳೆ, ನಿನ್ನ ಓದು ನಿಂತುಹೋಗುತ್ತೆ ಅಂತ ನಿಮ್ಮಜ್ಜಿಗೆ ಭಯ. ನಿಮ್ಮಮ್ಮನಿಗೆ ಹೇಳಲ್ಲ ಅಂತ ದೇವಮಾತೆ ಪಟ ಮುಟ್ಟಿಸಿ ನನ್ನಿಂದ ಆಣೆ ಮಾಡಿಸ್ಕೊಂಡಿದ್ದಾರೆ.”

ನೀರು ಕುದಿಯಿತು. ವೆತೂರಿಯಾ ಅದನ್ನು ಇಳಿಸದೆ ಹಾಗೇ ನಿಂತಿದ್ದಳು.

“ನಿಮ್ಮಮ್ಮನ ಹಾಗೇ ನಾನೂ ಅಲ್ಲಿ ಒಬ್ಬ ಮುದುಕೀನ ನೋಡ್ಕೋತಿದ್ದೆ. ವರ್ಷಗಟ್ಟಲೆ. ರಾತ್ರಿ ಗಳಿಗೆಗೊಮ್ಮೆ ಎಬ್ಬಿಸೋಳು. ಈಗ ಎಬ್ಬಿಸೋರು ಯಾರೂ ಇಲ್ಲ, ಆದ್ರೂ ಕತ್ತಲಾದ್ರೆ ನಿದ್ದೆ ಹತ್ತಲ್ಲ. ನಾನಲ್ಲಿದ್ದಾಗ ನಮ್ಮೂರಲ್ಲಿ ನಮ್ಮಮ್ಮ ಹಾಸಿಗೆ ಹಿಡಿದಿದ್ಳು. ನನಗೆ ಯಾರೂ ಹೇಳ್ಲಿಲ್ಲ. ಪಾಪ, ದೂರದಲ್ಲಿದ್ದಾಳೆ, ಯಾಕೆ ನೋಯಿಸೋದು ಅಂತ. ಮಣ್ಣು ಮಾಡಿ ಬಂದ್ಮೇಲೆ ಫೋನ್ ಮಾಡಿದ್ರು. ಆವಾಗ ನಾನು ಆ ಮುದುಕಿಯ ಕಾಲುಗುರು ಕತ್ತರಿಸ್ತಾ ಕೂತಿದ್ದೆ.”

“ಹಾಗಾದ್ರೆ ನೀವೇ ಅಮ್ಮನಿಗೆ ಹೇಳಿ, ಅತ್ತೆ.”

“ನಾನು ಮಾತು ಕೊಟ್ಟಿದ್ದೀನಿ,” ಎಂದು ವೆತೂರಿಯಾ ಚಹಾದ ಲೋಟವನ್ನು ಅವಳ ಮುಂದಿಟ್ಟಳು. “ನೀನು ಕೊಟ್ಟಿಲ್ಲ.”

ಮನೆಯಲ್ಲಿ ಅಜ್ಜಿ ಒಂದು ಕೈಯನ್ನು ಗೋಡೆಗೆ ಊರಿಕೊಂಡು, ಇನ್ನೊಂದರಿಂದ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತೊಳಸುತ್ತಿದ್ದಳು. “ಎಲ್ಲಿ ಹಾಳಾಗಿ ಹೋಗಿದ್ದೆ?” ಎಂದು ಗದರಿಸುತ್ತ ತಿರುಗಿದವಳು ಮೊಮ್ಮಗಳ ಮುಖ ನೋಡಿ ತೊಳಸುವುದನ್ನು ನಿಲ್ಲಿಸಿದಳು. ಝಂಫಿರಾ ಅವಳ ಕೈಯಿಂದ ಸೌಟು ತೆಗೆದುಕೊಂಡು ಅವಳನ್ನು ಕೂರಿಸಿದಳು.

“ಹೇಳಿಬಿಟ್ಳಾ ಆ ಬಾಯಿಬಡುಕಿ?”

“ನಾನೇ ಕೇಳ್ದೆ, ಅಜ್ಜಿ.”

“ನಿಮ್ಮಮ್ಮನಿಗೆ ಹೇಳ್ಬೇಡ ಕಣೇ. ದಮ್ಮಯ್ಯ ಅಂತೀನಿ.”

ಝಂಫಿರಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮುದ್ದೆ ಬಡಿಸಿ, ಮೇಲೆ ಹಾಲಿನ ಕೆನೆ ಹಾಕಿ, ಅಜ್ಜಿ ನಾಲ್ಕು ತುತ್ತು ತಿನ್ನುವವರೆಗೂ ಎದುರಿಗೇ ಕೂತಳು. ಆಮೇಲೆ ಫೋನು ಹಿಡಿದು ಹಿತ್ತಲಿಗೆ ಹೋದಳು.

“ಊಟ ಆಯ್ತಾ ಪುಟ್ಟಾ? ಓದ್ಕೊಂಡ್ಯಾ?” ಅಮ್ಮ ದಿನದಂತೆಯೇ ಕೇಳಿದಳು. “ಅಜ್ಜಿ ಚೆನ್ನಾಗಿದ್ದಾಳಾ?”

“ಇಲ್ಲಮ್ಮ,” ಎಂದಳು ಝಂಫಿರಾ. ಅಳಬಾರದೆಂದುಕೊಂಡಿದ್ದಳು. ಅಳಲಿಲ್ಲ. ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

ಇಟಲಿಯ ಆ ಮನೆಯೊಳಗಿನಿಂದ ಅಮ್ಮ ನೋಡಿಕೊಳ್ಳುತ್ತಿದ್ದ ಮುದುಕಿ ಅವಳ ಹೆಸರು ಹಿಡಿದು ಕರೆಯುವುದು ಮಾತ್ರ ಕೇಳಿಸುತ್ತಿತ್ತು. ಒಮ್ಮೆ ಕರೆದಳು. ಮತ್ತೊಮ್ಮೆ ಕರೆದಳು. ಯಾವಾಗಲೂ ಮಗಳ ಮಾತನ್ನು ಅರ್ಧಕ್ಕೇ ಬಿಟ್ಟು ‘ಬಂದೆ, ಬಂದೆ’ ಎಂದು ಓಡುತ್ತಿದ್ದ ಅಮ್ಮ ಈ ಸಲ ಓಗೊಡಲಿಲ್ಲ.