ಕೂಲರಿನ ನೀರು

ಸ್ಟೀಲಿನ ಕೊಡ ನೆಲಕ್ಕೆ ತಾಗಿದ ಸಣ್ಣ ಸದ್ದು. ಅಲ್ಮಾಸ ಎದ್ದು ಕೂತಳು. ರಾತ್ರಿ ಎರಡು ಗಂಟೆ. ಒಳಕೋಣೆಯಲ್ಲಿ ದೀಪ ಉರಿಯುತ್ತಿತ್ತು. ತಾಯಿ ಅಮೀನಬಿ ಕೂಲರಿನ ಮುಂದೆ ನಿಂತಿದ್ದಳು. ತುಂಬಿದ ಕೊಡ ಕಾಲ ಬಳಿ ಇತ್ತು.

“ಏನ ಮಾಡಾಕತ್ತಿ ಅಮ್ಮೀ?”

“ಸೆಕಿ ತಡಕೊಳ್ಳಾಕ ಆಗವಲ್ದು. ನಿಮ್ಮ ಅಬ್ಬಾ ಹೋದಾಗಿಂದ ಇದನ್ನ ಹಚ್ಚೇ ಇಲ್ಲ.” ಅಮೀನಬಿ ತಲೆ ಎತ್ತಲಿಲ್ಲ. “ಇದರಾಗಿನ ನೀರು ಬಾಟ್ಲ್ಯಾಗ ತುಂಬಕೊಂಡು ಕಾಲೇಜಿಗೆ ಒಯ್ದಿದ್ದಿಯಲ್ಲ, ಅದರಾಗ ಏನ ಬಂತು?”

ಅಲ್ಮಾಸ ಬಾಗಲಕೋಟೆಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಆ ನೀರಿನ ಹನಿಯನ್ನು ಹಿಂದಿನ ದಿನ ಮಧ್ಯಾಹ್ನ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ್ದಳು. ಚೆಲ್ಲಿದ ಗಂಜಿಯಂತೆ ಮೆಲ್ಲಗೆ ಹರಿಯುವ ಅಮೀಬಾಗಳು. ಅವು ನುಂಗಿದ ಬ್ಯಾಕ್ಟೀರಿಯಾಗಳು ಸತ್ತಿರಲಿಲ್ಲ. ಹೊಟ್ಟೆಯೊಳಗೇ ಮರಿ ಹಾಕಿ ಗಿಜಿಗುಡುತ್ತಿದ್ದವು. ಹದಿನೆಂಟು ದಿನಗಳ ಹಿಂದೆ ತಂದೆ ಜಾಫರಸಾಬ ನ್ಯುಮೋನಿಯಾದಿಂದ ತೀರಿಕೊಂಡ ಮೇಲೆ ಬಂದ ರಿಪೋರ್ಟಿನಲ್ಲಿ ಒಂದು ಹೆಸರಿತ್ತು: ಲೀಜಿಯೊನೆಲ್ಲಾ. ನಿಂತ ನೀರಿನಲ್ಲಿ, ಅಮೀಬಾದ ಹೊಟ್ಟೆಯಲ್ಲಿ ಬೆಳೆದು, ಗಾಳಿಯ ತುಂತುರಿನೊಡನೆ ಶ್ವಾಸಕೋಶ ಸೇರುವ ಬ್ಯಾಕ್ಟೀರಿಯಾ. ಇವು ಅವೇ ಎಂದು ಸಾಧಿಸಲು ಇನ್ನೊಂದು ಪರೀಕ್ಷೆ ಬೇಕಿತ್ತು. ಅಲ್ಮಾಸ ಅದನ್ನು ಮಾಡಲಿಲ್ಲ.

ಬೇಸಿಗೆ ಶುರುವಾದಾಗ ಅಮೀನಬಿ ಕೂಲರಿನ ಹಳೆಯ ನೀರು ಚೆಲ್ಲಿ ತೊಳೆಯಲು ಹೊರಟಿದ್ದಳು. ಅವರ ಓಣಿಗೆ ನಳದ ನೀರು ಬರುವುದು ಎಂಟು ದಿನಕ್ಕೊಮ್ಮೆ. ಚೆಲ್ಲಬೇಡ ಎಂದವಳು ಅಲ್ಮಾಸ. ಬ್ಲೀಚಿಂಗ್ ಪೌಡರ್ ಕದಡಿ, “ಇನ್ನ ಇದರಾಗ ಯಾವ ಹುಳಾನೂ ಬದುಕೂದಿಲ್ಲ” ಎಂದಿದ್ದಳು. ಅಮೀಬಾಗಳು ಗಟ್ಟಿ ಚಿಪ್ಪು ಕಟ್ಟಿಕೊಂಡು ಕೂತವು, ಒಳಗಿದ್ದವನ್ನೂ ಉಳಿಸಿಕೊಂಡು.

“ಏನ ಬಂತು ಹೇಳು,” ಅಮೀನಬಿ ಮತ್ತೆ ಕೇಳಿದಳು. “ದಿನಾ ನಾನ ಕೊಡ ತುಂಬಿ ಹಾಕ್ತಿದ್ದೆ. ಅವರ ಮಾರಿಗೆ ಗಾಳಿ ಬಡೀಲಿ ಅಂತ ನಾನ ಇದನ್ನ ತಿರುಗಿಸಿ ಇಟ್ಟಿದ್ದೆ.”

“ನೀರಾಗ ಏನೂ ಇಲ್ಲಮ್ಮೀ.”

ಅಮೀನಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು. ಆಮೇಲೆ ಬಗ್ಗಿ ಕೊಡ ಎತ್ತಿ ಕೂಲರಿಗೆ ಸುರಿದಳು. “ಹಂಗಾದ್ರ ಹಚ್ಚು. ಇಬ್ರೂ ಗಾಳಿಗೆ ಮಕ್ಕೊಳ್ಳೂಣು.”

ತೊಳೆದು ಹಚ್ಚೋಣ ಎಂದರೆ, ಯಾಕೆ ಎಂದು ಅಮ್ಮೀ ಕೇಳುತ್ತಾಳೆ. “ನೀ ಹಾಸಿಗಿ ಹಾಸು, ನಾ ಹಚ್ಚತೇನಿ” ಎಂದು ಅಲ್ಮಾಸ ಕೂಲರಿನ ಹಿಂದೆ ಹೋಗಿ ಪ್ಲಗ್ ಕಿತ್ತಳು. ಪಕ್ಕದಲ್ಲೇ ಹೊಲಿಗೆ ಮಷೀನು. ಮೇಲೆ ಮೊಳೆಗೆ ತಾಯಿಯ ದೊಡ್ಡ ಕತ್ತರಿ ತೂಗುತ್ತಿತ್ತು. ಬಟ್ಟೆ ಬಿಟ್ಟರೆ ಕಾಗದವನ್ನೂ ಅದರಿಂದ ಕತ್ತರಿಸಲು ಅಮೀನಬಿ ಯಾರಿಗೂ ಬಿಟ್ಟವಳಲ್ಲ.

“ಹತ್ತವಲ್ದಮ್ಮೀ. ವಾಯರ್ ಇಲಿ ಕಡದಾವ.”

“ಇರ್ಲಿ ಬಿಡು. ಬಾ, ಮಕ್ಕೊ.”

ಬೆಳಿಗ್ಗೆ ಅಮೀನಬಿ ಯಾರದೋ ಕುಪ್ಪಸದ ಬಟ್ಟೆ ಹರವಿ ಕತ್ತರಿ ಹಾಕಿದಳು. ಅರ್ಧಕ್ಕೆ ಅದು ಬಟ್ಟೆಯನ್ನು ಕಚ್ಚಿಕೊಂಡಿತು. ಬಿಡಿಸಿ, ಬೆಳಕಿಗೆ ಹಿಡಿದು, ಅಲಗಿನ ಮೇಲೆ ಹೆಬ್ಬೆರಳು ಆಡಿಸಿದಳು. ಒಂದು ಕಡೆ ಸಣ್ಣ ಕಚ್ಚು ಬಿದ್ದಿತ್ತು. ಕೂಲರಿನ ಹಿಂದೆ ನೇತಾಡುತ್ತಿದ್ದ ವಾಯರಿನ ತುದಿಯನ್ನು ನೋಡಿದಳು; ಅದು ನೇರವಾಗಿ ತುಂಡಾಗಿತ್ತು. ಬಾಗಿಲಲ್ಲಿ ನಿಂತಿದ್ದ ಅಲ್ಮಾಸಳನ್ನು ನೋಡಲಿಲ್ಲ.

ಅಷ್ಟರಲ್ಲಿ ಇಳಕಲ್ಲಿನಿಂದ ಮಗ ಫಾರೂಕನ ಫೋನ್ ಬಂತು. ಕೂಲರಿನ ಸುದ್ದಿ ಕೇಳಿ, ರಿಪೇರಿಗೆ ಯಾರನ್ನಾದರೂ ಕಳಿಸಲೇ ಎಂದ.

“ಬ್ಯಾಡ. ಗುಜರಿಯಂವಗ ಕೊಟ್ಟಬಿಡೂಣು.”

“ಒಂದ ವಾಯರ್ ಸಲುವಾಗಿ? ಅಲ್ಲಮ್ಮೀ, ನಮ್ಮ ಮನ್ಯಾಗ ಇಲಿ ಎಲ್ಲಿಂದ ಬಂದ್ವು?”

ಅಮೀನಬಿ ಕತ್ತರಿಯನ್ನು ಚಿಂದಿಯಲ್ಲಿ ಸುತ್ತಿ ಮಷೀನಿನ ಖಾನೆಯ ತಳಕ್ಕೆ ತುರುಕಿದಳು.

“ಅದಾವಪ್ಪಾ. ನಾನ ಕಣ್ಣಾರೆ ನೋಡೇನಿ.”